ತವರು ಬಿಡದ ಮಗಳು: 'ಎಮ್ಮ' ಕಾದಂಬರಿಯಲ್ಲಿ ಒಲವು ಮತ್ತು ಆರೈಕೆ

ಮದುವೆಯಲ್ಲಿ ಮುಗಿಯುವ ಕಥೆಗಳು ಮದುವಣಗಿತ್ತಿಯ ಬೆನ್ನ ಹಿಂದೆ ಏನು ಉಳಿಯಿತೆಂಬುದನ್ನು ಸಾಮಾನ್ಯವಾಗಿ ನೋಡುವುದಿಲ್ಲ. ರಾಜಕುಮಾರಿ ಕುದುರೆಯೇರಿ ಹೋದ ಮೇಲೆ ಮುದಿ ರಾಜನಿಗೆ ಗಂಜಿ ಆರಿಸಿ ಕೊಟ್ಟವರು ಯಾರು, ರಾತ್ರಿ ಅವನ ಕೋಣೆಯ ದೀಪ ಸಣ್ಣಗೆ ಮಾಡಿದವರು ಯಾರು ಎಂಬುದು ಕಥೆ ಹೇಳುವ ಅಜ್ಜಿಗೂ ಬೇಡ, ಕೇಳುವ ಮಕ್ಕಳಿಗೂ ಬೇಡ. ಪ್ರಣಯ ವಿನೋದವೆಂದು ಕರೆಯಬಹುದಾದ ಕಾದಂಬರಿ ಪ್ರಕಾರವೂ ಬಹುಮಟ್ಟಿಗೆ ಇದೇ ಹಾದಿಯಲ್ಲಿ ನಡೆದಿದೆ. ಅಪಾರ್ಥ, ಮುನಿಸು, ಮೂರನೆಯವರ ಪ್ರವೇಶ ಇವು ಪ್ರೇಮಿಗಳ ನಡುವಿನ ತಡೆಗಳು. ಅವು ಕರಗಿದೊಡನೆ ಕಥೆಯೂ ಮುಗಿಯುತ್ತದೆ. ಜೇನ್ ಆಸ್ಟಿನ್ (1775–1817) ಬರೆದ 'ಎಮ್ಮ' ಇದಕ್ಕೆ ಗಮನಾರ್ಹವಾದ ಅಪವಾದ. 1815ರ ಡಿಸೆಂಬರಿನಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಟಿಸಿದ, ಮುಖಪುಟದ ಮೇಲೆ 1816 ಎಂದು ಅಚ್ಚಾಗಿರುವ ಮೂರು ಸಂಪುಟಗಳ ಈ ಕೃತಿಯಲ್ಲಿ ನಾಯಕ ನಾಯಕಿಯರ ನಡುವಿನ ಅಪಾರ್ಥವೆಲ್ಲ, ಇಂದಿನ ಮುದ್ರಣಗಳ ಎಣಿಕೆಯಂತೆ, ನಲವತ್ತೊಂಬತ್ತನೆಯ ಅಧ್ಯಾಯದಲ್ಲೇ ತೀರಿಹೋಗುತ್ತದೆ. ಆಮೇಲೂ ಆರು ಅಧ್ಯಾಯಗಳು ಉಳಿಯುತ್ತವೆ. ಆ ಆರು ಅಧ್ಯಾಯಗಳಲ್ಲಿ ಇಬ್ಬರನ್ನೂ ಕಾಡುವ ಪ್ರಶ್ನೆ, ಹುಡುಗಿಯ ತಂದೆಯನ್ನು ನೋಡಿಕೊಳ್ಳುವವರು ಯಾರು ಎಂಬುದು.

ಕಥೆಯ ಹೊರಮೈ ಸುಪರಿಚಿತವಾದುದು. ಲಂಡನ್ನಿನಿಂದ ಹದಿನಾರು ಮೈಲಿ ದೂರದಲ್ಲಿ, ಸರ್ರೆ ಪ್ರಾಂತದಲ್ಲಿರುವ ಹೈಬರಿ ಎಂಬ ಕಲ್ಪಿತ ಊರು. ಹಳ್ಳಿಯೆಂದರೆ ದೊಡ್ಡದು, ಪಟ್ಟಣವೆಂದರೆ ಚಿಕ್ಕದು. ಅಲ್ಲಿನ ಹಾರ್ಟ್‌ಫೀಲ್ಡ್ ಎಂಬ ಮನೆಯ ಕಿರಿಯ ಮಗಳು ಎಮ್ಮ ವುಡ್‌ಹೌಸ್. ವಯಸ್ಸು ಇಪ್ಪತ್ತೊಂದರ ಅಂಚು, ಮೂವತ್ತು ಸಾವಿರ ಪೌಂಡುಗಳ ಒಡತಿ, ರೂಪವತಿ, ತನ್ನ ಬುದ್ಧಿಯ ಮೇಲೆ ಅತಿಯಾದ ಭರವಸೆಯುಳ್ಳವಳು. ತಾಯಿ ಚಿಕ್ಕಂದಿನಲ್ಲೇ ಹೋದಳು. ಅಕ್ಕ ಇಸಬೆಲ್ಲಾ ಮದುವೆಯಾಗಿ ಲಂಡನ್ ಸೇರಿದ್ದಾಳೆ. ಹದಿನಾರು ವರ್ಷ ಜೊತೆಗಿದ್ದ ಉಪಾಧ್ಯಾಯಿನಿ ಮಿಸ್ ಟೇಲರ್ ಈಗ ಶ್ರೀಮತಿ ವೆಸ್ಟನ್ ಆಗಿ ಅರ್ಧ ಮೈಲಿ ದೂರದ ರಾಂಡಲ್ಸ್‌ಗೆ ಹೋಗಿದ್ದಾಳೆ. ಉಳಿದವರು ಎಮ್ಮ ಮತ್ತು ಅವಳ ತಂದೆ. ಹೊತ್ತು ಕಳೆಯಲು ಎಮ್ಮ ಊರಿನ ಗಂಡು ಹೆಣ್ಣುಗಳನ್ನು ಜೋಡಿಸುವ ಹವ್ಯಾಸಕ್ಕೆ ಇಳಿಯುತ್ತಾಳೆ. ಹ್ಯಾರಿಯೆಟ್ ಎಂಬ ಬಡ ಹುಡುಗಿಯನ್ನು ಅವಳನ್ನು ಮೆಚ್ಚಿದ ರೈತನಿಂದ ದೂರಮಾಡಿ ಪಾದ್ರಿ ಎಲ್ಟನ್‌ಗೆ ಗಂಟು ಹಾಕಲು ಹೊರಟರೆ, ಆ ಪಾದ್ರಿ ಎಮ್ಮಳ ಮುಂದೆಯೇ ಮಂಡಿಯೂರುತ್ತಾನೆ. ಹೀಗೆ ಒಂದಾದ ಮೇಲೊಂದು ಲೆಕ್ಕ ತಪ್ಪಿ, ಕೊನೆಗೆ ಮನೆಗೆ ನಿತ್ಯ ಬಂದುಹೋಗುತ್ತಿದ್ದ ನೆರೆಯ ಜಮೀನುದಾರ ನೈಟ್ಲಿಯೇ ತನ್ನವನೆಂಬ ಅರಿವು ಅವಳಿಗಾಗುತ್ತದೆ. ವಿಮರ್ಶಕರು ಈ ಕೃತಿಯನ್ನು ಸ್ವಯಂಜ್ಞಾನದ ವಿನೋದವೆಂದು ಓದುತ್ತ ಬಂದಿರುವುದು ಸರಿಯಾಗಿಯೇ ಇದೆ. ಆದರೆ ಆ ಓದಿನಲ್ಲಿ ಮುದುಕ ವುಡ್‌ಹೌಸ್ ನಗೆಯ ಸರಕಾಗಿ ಮೂಲೆಗುಳಿದುಬಿಡುತ್ತಾನೆ. ಅವನನ್ನು ಕಥೆಯ ನಡುಮನೆಗೆ ತಂದು ಕೂರಿಸಿದರೆ ಕಾದಂಬರಿಯ ಕಟ್ಟು ಬೇರೆಯಾಗಿ ಕಾಣುತ್ತದೆ.

ವುಡ್‌ಹೌಸ್‌ಗೆ ಹೇಳಿಕೊಳ್ಳುವಂಥ ಕಾಯಿಲೆಯೇನಿಲ್ಲ. ಆದರೆ ಬದುಕಿನ ತುಂಬ ಪಥ್ಯವಿದೆ. ಗಾಳಿ, ತೇವ, ಹಿಮ, ಸಮುದ್ರ, ತಡವಾದ ಊಟ, ತೆರೆದ ಕಿಟಕಿ, ಎಲ್ಲಕ್ಕಿಂತ ಹೆಚ್ಚಾಗಿ ಮದುವೆ, ಇವೆಲ್ಲ ಅವನ ಪಾಲಿಗೆ ಅಪಾಯ. ಕನ್ನಡ ನಾಡಿನ ಮನೆಮದ್ದಿನ ಮಾತಿನಲ್ಲಿ 'ನಂಜು' ಎಂಬ ಪದಕ್ಕೆ ಎಷ್ಟು ವಿಸ್ತಾರವಿದೆಯೋ ಅಷ್ಟೇ ವಿಸ್ತಾರ ಅವನ ಭಯಗಳಿಗಿದೆ. ಮಿಸ್ ಟೇಲರಳ ಮದುವೆಯ ಕೇಕು ಊರಿನವರ ಹೊಟ್ಟೆ ಕೆಡಿಸೀತೆಂದು ಅವನು ಪೆರಿಯ ಅಭಿಪ್ರಾಯ ಕೇಳುತ್ತಾನೆ. ಪೆರಿ ಆ ಊರಿನ ಅಪೋಥೆಕರಿ, ಅಂದರೆ ಮದ್ದನ್ನೂ ತಯಾರಿಸಿ ಕೊಟ್ಟು ರೋಗಿಯನ್ನೂ ನೋಡುತ್ತಿದ್ದ ಅಂದಿನ ವೈದ್ಯವರ್ಗಕ್ಕೆ ಸೇರಿದವನು. ಮಿತವಾಗಿ ತಿನ್ನದಿದ್ದರೆ ಹಲವರಿಗೆ ಒಗ್ಗಲಾರದು ಎಂದು ಅವನೂ ಒಪ್ಪುತ್ತಾನೆ. ಆದರೂ ಅದೇ ಪೆರಿಯ ಮಕ್ಕಳ ಕೈಯಲ್ಲಿ ಕೇಕಿನ ತುಂಡು ಕಂಡಿತೆಂಬ ವದಂತಿ ಊರಲ್ಲಿ ಹಬ್ಬುತ್ತದೆ. ವುಡ್‌ಹೌಸ್ ಮಾತ್ರ ಅದನ್ನು ಕಡೆಯವರೆಗೂ ನಂಬುವುದಿಲ್ಲ. ಮದುವೆಯಾದ ಹೆಣ್ಣುಗಳೆಲ್ಲ ಅವನ ಬಾಯಲ್ಲಿ 'ಪಾಪದ' ಹೆಣ್ಣುಗಳೇ. ಅವನನ್ನು ಲೇಖಕಿ ಎಲ್ಲಿಯೂ ಕೆಟ್ಟವನೆಂದು ಚಿತ್ರಿಸಿಲ್ಲ. ಅವನದು ಮೃದುವಾದ ಸ್ವಾರ್ಥ. ತನಗೆ ಆಗದ್ದು ಇತರರಿಗೆ ಆದೀತೆಂದು ಊಹಿಸಲಾರದ ಸ್ವಾರ್ಥ. ಸಿಟ್ಟಿನ ತಂದೆಯನ್ನು ಧಿಕ್ಕರಿಸಿ ಹೋದ ಹೆಣ್ಣುಗಳ ಕಥೆಗಳು ಎಲ್ಲ ಭಾಷೆಗಳಲ್ಲೂ ಇವೆ. ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಳ್ಳುವ ಅಪ್ಪನನ್ನು ಧಿಕ್ಕರಿಸುವುದು ಹೇಗೆ?

ಕನ್ನಡದಲ್ಲಿ ಹೆರಿಗೆಯ ನಂತರದ ಉಪಚಾರಕ್ಕೆ 'ಬಾಣಂತನ'ವೆಂಬ ಸ್ವಂತ ಪದವಿದೆ. ಮುದಿ ತಂದೆತಾಯಿಗಳ ಉಪಚಾರಕ್ಕೆ ಹಾಗೊಂದು ಬಳಕೆಯ ಪದವಿಲ್ಲ. 'ನೋಡಿಕೊಳ್ಳುವುದು' ಎಂಬ ಸಾಮಾನ್ಯ ಕ್ರಿಯಾಪದದಲ್ಲೇ ಅದು ಅಡಗಿದೆ. ಈ ಪದ ಎಮ್ಮಳ ಕೆಲಸಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅವಳು ಮಾಡುವುದು ಬಹುಪಾಲು ನೋಡುವುದನ್ನೇ. ತಂದೆಯ ಮುಖದಲ್ಲಿ ಆತಂಕದ ಗೆರೆ ಮೂಡುವ ಮೊದಲೇ ಅದನ್ನು ಕಂಡು ಮಾತನ್ನು ತಿರುಗಿಸಬೇಕು. ಸಂಜೆ ಅವನೊಡನೆ ಬ್ಯಾಕ್‌ಗ್ಯಾಮನ್ ಆಡಬೇಕು. ಅತಿಥಿಗಳು ಬಂದಾಗ ಮುದುಕನು ತೆಳ್ಳನೆಯ ಗಂಜಿಯನ್ನೋ ತೀರ ಮೆತ್ತಗೆ ಬೇಯಿಸಿದ ಒಂದು ಮೊಟ್ಟೆಯನ್ನೋ ಶಿಫಾರಸು ಮಾಡುತ್ತ ಉಳಿದುದನ್ನೆಲ್ಲ ಬೇಡವೆನ್ನುತ್ತಿರುತ್ತಾನೆ. ಎಮ್ಮ ಅವನ ಮಾತಿಗೆ ಅಡ್ಡಬರದೆ, ಅವನ ಮನಸ್ಸನ್ನೂ ನೋಯಿಸದೆ, ಬಂದವರಿಗೆ ಹೊಟ್ಟೆತುಂಬ ಬಡಿಸುತ್ತಾಳೆ. ಈ ಸಣ್ಣ ದೃಶ್ಯದಲ್ಲಿ ಮನೆಯೊಡತಿಯ ಎಷ್ಟು ವರ್ಷಗಳ ಅಭ್ಯಾಸವಿದೆ ಎಂಬುದು ಮುದುಕರಿರುವ ಮನೆಯಲ್ಲಿ ಬಾಳಿದವರಿಗೆ ತಿಳಿಯುತ್ತದೆ.

ಹನ್ನೆರಡನೆಯ ಅಧ್ಯಾಯ ಈ ದೃಷ್ಟಿಯಿಂದ ಇಡೀ ಕಾದಂಬರಿಯಲ್ಲೇ ಮುಖ್ಯವಾದುದು. ಕ್ರಿಸ್‌ಮಸ್ಸಿಗೆ ಇಸಬೆಲ್ಲಾ ಗಂಡ ಮಕ್ಕಳೊಡನೆ ತವರಿಗೆ ಬಂದಿದ್ದಾಳೆ. ತಂದೆಯ ಭಯಸ್ವಭಾವ ಅವಳಿಗೂ ಬಂದಿದೆ. ತಂದೆಗೆ ಪೆರಿ ಹೇಳಿದ್ದೇ ವೇದ, ಮಗಳಿಗೆ ಲಂಡನ್ನಿನ ತನ್ನ ವೈದ್ಯ ವಿಂಗ್‌ಫೀಲ್ಡ್ ಹೇಳಿದ್ದು. ಮಕ್ಕಳನ್ನು ಸೌತೆಂಡಿನ ಕಡಲತೀರಕ್ಕೆ ಕರೆದೊಯ್ದದ್ದು ತಪ್ಪು, ಹೋಗಲೇಬೇಕಿದ್ದರೆ ಕ್ರೋಮರಿಗೆ ಹೋಗಬೇಕಿತ್ತು ಎಂದು ಮುದುಕನ ಹಟ. ಅಳಿಯ ಜಾನ್ ನೈಟ್ಲಿ ಸಿಡುಕಿನವನು. ಅವನ ತಾಳ್ಮೆ ಕ್ಷಣಕ್ಷಣಕ್ಕೂ ಸವೆಯುತ್ತಿದೆ. ಎಮ್ಮ ಒಮ್ಮೆ ಇತ್ತ, ಒಮ್ಮೆ ಅತ್ತ ಮಾತನ್ನು ಹೊರಳಿಸುತ್ತಲೇ ಇರುತ್ತಾಳೆ. ಕೊನೆಗೆ ಜಾನ್ ಸಿಡಿದೇಬಿಟ್ಟಾಗ ಅವನ ಅಣ್ಣ, ಅಂದರೆ ನಮ್ಮ ಕಥಾನಾಯಕ ನೈಟ್ಲಿ, ತನ್ನ ಹೊಲದ ನಡುವಿನ ಕಾಲುದಾರಿಯನ್ನು ಬೇರೆಡೆಗೆ ಹೊರಳಿಸುವ ವಿಚಾರವನ್ನು ಎತ್ತಿ ತಮ್ಮನನ್ನು ಅದರತ್ತ ಎಳೆದುಕೊಳ್ಳುತ್ತಾನೆ. ಜಗಳ ತಪ್ಪುತ್ತದೆ. ಓದುಗರು ನಗುತ್ತಾರೆ. ಆದರೆ ಎಮ್ಮ ಇಷ್ಟು ಕಾಲ ಒಬ್ಬಳೇ ಹೊತ್ತಿದ್ದ ಭಾರದ ಇನ್ನೊಂದು ತುದಿಗೆ ಯಾರೋ ಕೈಕೊಟ್ಟಿದ್ದಾರೆ ಎಂಬುದು ನಗೆಯ ಅಡಿಯಲ್ಲಿ ಹಾದುಹೋಗುತ್ತದೆ. ಈ ಕಾದಂಬರಿಯ ಪ್ರಣಯವೆಲ್ಲ ಹೀಗೆ ಕದ್ದು ನಡೆಯುವಂಥದು. ರಾಂಡಲ್ಸ್‌ನಲ್ಲಿ ಊಟಕ್ಕೆ ಕೂಡಿದ ರಾತ್ರಿ ಹಿಮ ಬೀಳುತ್ತಿದೆಯೆಂಬ ಸುದ್ದಿ ಬಂದು ಎಲ್ಲರೂ ಗದ್ದಲಕ್ಕೆ ಬಿದ್ದಾಗ, ನೈಟ್ಲಿ ತಾನೇ ಹೊರಗೆ ಹೋಗಿ ರಸ್ತೆ ನೋಡಿ ಬರುತ್ತಾನೆ. ನಿನ್ನ ತಂದೆಗೆ ಇನ್ನು ಸಮಾಧಾನವಾಗದು, ಹೊರಡಬಾರದೇಕೆ ಎಂದು ಅವನು ಕೇಳುತ್ತಾನೆ. ಉಳಿದವರು ಸಿದ್ಧರಾದರೆ ತಾನೂ ಸಿದ್ಧ ಎಂದು ಇವಳು ಹೇಳುತ್ತಾಳೆ. ಗಾಡಿ ಬರುತ್ತದೆ. ಡಾನ್ವೆಲ್ಲಿನಲ್ಲಿ ಸ್ಟ್ರಾಬೆರಿ ಕೀಳುವ ದಿನವಂತೂ, ಬೇಸಿಗೆಯ ನಡುವೆಯೂ ಮುದುಕನಿಗಾಗಿ ಕೋಣೆಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಬೇಸರ ಕಳೆಯಲೆಂದು ಚಿತ್ರಗಳ ಪುಸ್ತಕ, ಪದಕ, ಹವಳ, ಚಿಪ್ಪುಗಳ ಪೆಟ್ಟಿಗೆಗಳನ್ನು ನೈಟ್ಲಿ ತೆಗೆಸಿಟ್ಟಿರುತ್ತಾನೆ. ತಂದೆಯನ್ನು ಓಲೈಸಿ ಮಗಳನ್ನು ಪಡೆಯುವ ಹೂಟವಲ್ಲ ಇದು. ಅವನಿಗೆ ಆಗ ತನ್ನ ಆಸೆ ಕೈಗೂಡುವ ನಂಬಿಕೆಯೇ ಇರಲಿಲ್ಲ.

ಆರೈಕೆ ಮಾಡುವವಳು ಏನನ್ನು ತೆತ್ತಿದ್ದಾಳೆ ಎಂಬುದನ್ನು ಆಸ್ಟಿನ್ ಒಂದೆರಡು ವಾಕ್ಯಗಳಲ್ಲಿ ಮಾತ್ರ ಹೇಳುತ್ತಾಳೆ. ಅದೇ ಸೌತೆಂಡಿನ ವಾದದ ನಡುವೆ ಎಮ್ಮ, ತಾನು ಸಮುದ್ರವನ್ನೇ ಕಂಡಿಲ್ಲ, ಆ ಮಾತೆತ್ತಿ ಹೊಟ್ಟೆ ಉರಿಸಬೇಡಿ ಎಂದು ಹಾಸ್ಯಕ್ಕೆಂಬಂತೆ ಅನ್ನುತ್ತಾಳೆ. ಏಳು ಮೈಲಿ ದೂರದ ಬಾಕ್ಸ್ ಬೆಟ್ಟವನ್ನೂ ಅವಳು ಇಪ್ಪತ್ತೊಂದರವರೆಗೆ ನೋಡಿಲ್ಲ. ಮೂವತ್ತು ಸಾವಿರ ಪೌಂಡು, ಗಾಡಿ, ಕುದುರೆ, ಸಾರಥಿ ಎಲ್ಲ ಇದ್ದೂ ಅವಳ ಲೋಕ ತಂದೆಯ ಕುರ್ಚಿಯಿಂದ ಕೂಗಳತೆಯಷ್ಟೇ. ಅವಳು ಊರಿನವರ ಮದುವೆಗಳಲ್ಲಿ ಅಷ್ಟೊಂದು ಕೈಯಾಡಿಸುವುದಕ್ಕೆ ಈ ಕಟ್ಟುಪಾಡೂ ಒಂದು ಕಾರಣವೆಂದು ತೋರುತ್ತದೆ. ಹೊರಗೆ ಹೋಗಲಾಗದವರು ಒಳಗೆ ಕೂತು ಇತರರ ಬದುಕನ್ನು ಹೆಣೆಯುವುದು ಹೊಸತಲ್ಲ. ತಾನು ಮದುವೆಯಾಗುವುದಿಲ್ಲವೆಂದು ಅವಳು ಹ್ಯಾರಿಯೆಟ್‌ಗೆ ಹೇಳುವ ಮಾತಿನಲ್ಲಿ ಜಂಬವಿದೆ, ವಿವೇಕವೂ ಇದೆ. ಹಣವಿದ್ದ ಅವಿವಾಹಿತೆಗೆ ಗೌರವ, ಹಣವಿಲ್ಲದವಳಿಗೆ ನಗೆಪಾಟಲು ಎಂಬ ಲೋಕರೂಢಿ ಅವಳಿಗೆ ಗೊತ್ತು. ವಿವಾಹಿತೆಯ ಆಸ್ತಿ ಕಾನೂನಿನಂತೆ ಗಂಡನ ಕೈಸೇರುತ್ತಿದ್ದ ಕಾಲವದು. ಇಂಗ್ಲೆಂಡಿನಲ್ಲಿ ಇದನ್ನು ಸಡಿಲಿಸಿದ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ.

ಕನ್ನಡದ ಜನಪದ ಹಾಡುಗಳ, ಅದರಲ್ಲೂ ಬೀಸುವ ಪದಗಳ ದೊಡ್ಡ ಭಾಗ ತವರಿನ ಹಂಬಲಕ್ಕೆ ಮೀಸಲು. ತವರನ್ನು ಬಿಟ್ಟುಬಂದ ಹೆಣ್ಣು ಅಲ್ಲಿಯ ಹಾದಿ, ಹೊಳೆ, ಹಡೆದವ್ವ, ಅಣ್ಣ ತಮ್ಮಂದಿರನ್ನು ನೆನೆಯುತ್ತಾಳೆ. ಈ ಹಾಡುಗಳ ಭಾವಪ್ರಪಂಚ ನಿಂತಿರುವುದೇ ಅಗಲಿಕೆಯ ಮೇಲೆ. ತವರಿನಲ್ಲೇ ಉಳಿದ ಮಗಳಿಗೆ ಅಲ್ಲಿ ಜಾಗ ತೀರ ಕಡಿಮೆ. ಅವಳು ಉಳಿಯಬೇಕಾದರೆ ಗಂಡು ಬರಬೇಕು. ಹಾಗೆ ಬಂದವನು ಮನೆಯಳಿಯ. ಗಂಡು ಸಂತಾನವಿಲ್ಲದ ಒಕ್ಕಲು ಮನೆಗಳಲ್ಲಿ ಮನೆಯಳಿಯನನ್ನು ತಂದುಕೊಳ್ಳುವ ಪದ್ಧತಿ ಕರ್ನಾಟಕದ ಹಲವೆಡೆ ಇತ್ತು, ಇದೆ. ಹೊಲ ನೋಡುವುದಕ್ಕೂ ಮುದುಕರನ್ನು ನೋಡುವುದಕ್ಕೂ ಅವನು ಬೇಕು. ಆದರೂ ಗಾದೆಗಳೂ ಹಾಸ್ಯಕಥೆಗಳೂ ಅವನನ್ನು ಸುಮ್ಮನೆ ಬಿಟ್ಟಿಲ್ಲ. ಅತ್ತೆಮನೆಯಲ್ಲಿ ತಿಂದ ತಿಂಡಿಯ ಹೆಸರನ್ನು ದಾರಿಯ ಕಾಲುವೆ ದಾಟುವಾಗ ಮರೆತು ಬಡಿಸಿಕೊಳ್ಳಲಾರದೆ ಪೇಚಾಡುವ ದಡ್ಡ ಅಳಿಯನಿಂದ ಹಿಡಿದು, ಅಳಿಯ ಎಂಬ ಪಾತ್ರವೇ ನಗೆಗೆ ಸುಲಭದ ಗುರಿ; ಅವನು ಮನೆಯಳಿಯನಾದರೆ ನಗೆಯಲ್ಲಿ ತಾತ್ಸಾರವೂ ಸೇರುತ್ತದೆ. (ಕರಾವಳಿಯ ಅಳಿಯಸಂತಾನ ಬೇರೆಯೇ ವ್ಯವಸ್ಥೆ. ಅಲ್ಲಿ ಅಳಿಯನೆಂದರೆ ಸೋದರಳಿಯ; ಅದನ್ನು ಇದರೊಡನೆ ಬೆರೆಸಬಾರದು.) ಈ ಹಿನ್ನೆಲೆಯಿಂದ ಓದುವವರಿಗೆ 'ಎಮ್ಮ'ದ ಕೊನೆಯ ತಿರುವು ಇಂಗ್ಲಿಷ್ ಓದುಗರಿಗೆ ಕಾಣುವುದಕ್ಕಿಂತ ಹೆಚ್ಚು ಚುರುಕಾಗಿ ಕಾಣುತ್ತದೆ.

ಅದಕ್ಕೆ ಮೊದಲು ಮಿಸ್ ಬೇಟ್ಸಳನ್ನು ನೋಡಬೇಕು. ಹಾರ್ಟ್‌ಫೀಲ್ಡಿನ ಆರೈಕೆ ಸಿರಿವಂತರ ಆರೈಕೆ. ಅಡುಗೆಗೆ ಸರ್ಲ್ ಇದ್ದಾನೆ, ಗಾಡಿಗೆ ಜೇಮ್ಸ್ ಇದ್ದಾನೆ. ಈ ಕೈಗಳ ದುಡಿಮೆ ಕಾದಂಬರಿಯಲ್ಲಿ ಹೆಸರಿನಷ್ಟೇ ಬಂದು ಹೋಗುವುದು ಕೃತಿಯ ಒಂದು ಮಿತಿ. ಬೇಟ್ಸಳ ಮನೆಯಲ್ಲಿ ಅಂಥ ಅನುಕೂಲವಿಲ್ಲ. ಹಿಂದಿನ ಪಾದ್ರಿಯ ವಿಧವೆಯಾದ ವೃದ್ಧೆ ತಾಯಿ, ನಡುವಯಸ್ಸಿನ ಅವಿವಾಹಿತ ಮಗಳು. ಅಂಗಡಿಯವರ ಮನೆಯೊಂದರ ಮಹಡಿಯಲ್ಲಿ ಬಾಡಿಗೆ ವಾಸ. ವರಮಾನ ಕಿರಿದು, ಮಾತು ಹಿರಿದು. ಅವಳ ಮಾತಿನ ಓಟ ಮೌಖಿಕ ಕಥನದ ಅಭ್ಯಾಸಿಗಳಿಗೆ ವಿಶೇಷ ಆಸಕ್ತಿಯದು. ಒಂದು ವಿಷಯದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ನಡುವೆ ಕೆಳಗೆ ಮೆಟ್ಟಿಲು ನೋಡಿಕೊಂಡು ಬನ್ನಿರೆಂಬ ಎಚ್ಚರಿಕೆ. ಯಾವುದನ್ನೂ ಅವಳು ಬಿಡುವುದಿಲ್ಲ. ಸೇಬುಗಳನ್ನು ಬ್ರೆಡ್ಡಿನವರ ಒಲೆಯಲ್ಲಿ ಎರಡು ಸಲ ಬೇಯಿಸಿದರೆ ಸಾಕೋ, ವುಡ್‌ಹೌಸ್ ಮಾತು ತೆಗೆದುಕೊಂಡಂತೆ ಮೂರು ಸಲ ಬೇಯಿಸಬೇಕೋ ಎಂಬುದು ಅವಳಿಗೆ ನಿಜವಾದ ಚಿಂತೆ. ಹಾರ್ಟ್‌ಫೀಲ್ಡಿನಲ್ಲಿ ಅವಳ ತಾಯಿಗೆ ಬಹಳ ಇಷ್ಟದ ಖಾದ್ಯವೊಂದು ಶತಾವರಿ ಚಿಗುರಿನೊಂದಿಗೆ ಬಂದಾಗ, ಚಿಗುರು ಸಾಕಷ್ಟು ಬೆಂದಿಲ್ಲವೆಂದು ವುಡ್‌ಹೌಸ್ ಅದನ್ನು ಹಿಂದಕ್ಕೆ ಕಳಿಸಿಬಿಡುತ್ತಾನೆ. ಮುದುಕಿಯ ಆಸೆ ತಟ್ಟೆಯ ಜೊತೆಗೇ ಅಡುಗೆಮನೆಗೆ ಹಿಂತಿರುಗುತ್ತದೆ. ದೂರು ಎಂಬ ಅರಿವೇ ಇಲ್ಲದೆ ಬೇಟ್ಸ್ ಇದನ್ನು ಹೇಳುತ್ತಾಳೆ. ಒಬ್ಬರ ಪಥ್ಯ ಇನ್ನೊಬ್ಬರ ಉಪವಾಸವಾಗುವ ಪರಿಯನ್ನು ಇದಕ್ಕಿಂತ ಹಗುರವಾಗಿ ಹೇಳಿದ ಉದಾಹರಣೆ ಸಿಕ್ಕುವುದು ಕಷ್ಟ.

ಇದೇ ಮನೆಯಲ್ಲಿ ಮತ್ತೊಂದು ಪ್ರಣಯವೂ ಕದ್ದು ನಡೆಯುತ್ತಿದೆ. ಬೇಟ್ಸಳ ತಂಗಿಯ ಮಗಳು, ಅನಾಥೆ ಜೇನ್ ಫೇರ್‌ಫ್ಯಾಕ್ಸ್ ಮತ್ತು ವೆಸ್ಟನ್‌ನ ಮಗ ಫ್ರಾಂಕ್ ಚರ್ಚಿಲ್ ಗುಟ್ಟಾಗಿ ಮಾತುಕೊಟ್ಟುಕೊಂಡವರು. ಮುದುಕಿಯ ಕನ್ನಡಕದ ಮೊಳೆ ಕಳಚಿದೆ. ಫ್ರಾಂಕ್ ಅದನ್ನು ಸರಿಪಡಿಸುವ ನೆಪದಲ್ಲಿ ಕೋಣೆಯಲ್ಲಿ ಉಳಿಯುತ್ತಾನೆ. ಇತರರು ಮೆಟ್ಟಿಲೇರಿ ಬರುವಾಗ ಅಜ್ಜಿ ಬೆಂಕಿಯ ಬಳಿ ತೂಕಡಿಸುತ್ತಿದ್ದಾಳೆ, ಫ್ರಾಂಕ್ ಕನ್ನಡಕದಲ್ಲಿ ಮಗ್ನನಾಗಿದ್ದಾನೆ, ಜೇನ್ ಪಿಯಾನೋ ಕಡೆ ಮುಖ ಮಾಡಿ ನಿಂತಿದ್ದಾಳೆ. ಮೊದಲ ಓದಿಗೆ ಇದು ಉಪಕಾರದ ಚಿತ್ರ, ಎರಡನೆಯ ಓದಿಗೆ ಪ್ರೇಮದ್ದು. ನೈಟ್ಲಿಯ ಉಪಚಾರದೊಳಗೆ ಒಲವು ತಾನರಿಯದೆ ಇದ್ದರೆ, ಫ್ರಾಂಕ್‌ನದರಲ್ಲಿ ಉಪಚಾರವೇ ಮುಸುಕು. ಲೇಖಕಿಯ ಒಲವು ಯಾವ ಕಡೆಗೆಂಬುದು ಸ್ಪಷ್ಟ. ಆದರೂ ಕನ್ನಡಕವಂತೂ ಸರಿಯಾಯಿತು!

ಫ್ರಾಂಕ್‌ನ ಕೈ ಕಟ್ಟಿರುವುದೂ ಒಂದು ಕಾಯಿಲೆಯೇ. ಅವನನ್ನು ಸಾಕಿದ ಶ್ರೀಮತಿ ಚರ್ಚಿಲ್ ಬೇಕಾದಾಗ ಮಲಗಿ, ಬೇಡವಾದಾಗ ಏಳುವವಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಹಾಗಿರುವಾಗ ಒಂದು ದಿನ ಅವಳು ಸತ್ತೇಹೋಗುತ್ತಾಳೆ. ಸಾವು ಬಂದದ್ದು ಅವಳು ಹೇಳಿಕೊಳ್ಳುತ್ತಿದ್ದ ಕಾಯಿಲೆಯಿಂದಲ್ಲ. ಆದರೂ ಇಪ್ಪತ್ತೈದು ವರ್ಷ ಬೈದ ಜನವೇ ಪಾಪ, ನಿಜಕ್ಕೂ ಕಾಯಿಲೆಯಿತ್ತು ಎನ್ನತೊಡಗುತ್ತದೆ. ವುಡ್‌ಹೌಸ್‌ನನ್ನು ನೋಡಿ ನಕ್ಕ ಓದುಗನಿಗೂ ಇಲ್ಲಿ ಒಂದು ಚುಚ್ಚು ಇದೆ.

ದುಡಿಯುವ ವರ್ಗದ ಒಂದು ಪ್ರಸಂಗ ಬೇಟ್ಸಳ ಮಾತಿನ ಪ್ರವಾಹದಲ್ಲಿ ತೇಲಿಹೋಗುವುದರಿಂದ ಬಹುಮಂದಿಯ ಗಮನಕ್ಕೆ ಬಿದ್ದಿಲ್ಲ. ಅವಳ ತಂದೆಯ ಕಾಲದಲ್ಲಿ ಇಪ್ಪತ್ತೇಳು ವರ್ಷ ಚರ್ಚಿನ ಗುಮಾಸ್ತನಾಗಿದ್ದ ಜಾನ್ ಆಬ್ಡಿ ಈಗ ಕೀಲುನೋವಿನಿಂದ ಹಾಸಿಗೆ ಹಿಡಿದಿದ್ದಾನೆ. ಮಗ ಊರಿನ ಕ್ರೌನ್ ಛತ್ರದಲ್ಲಿ ಕುದುರೆ ಲಾಯದ ಮುಖ್ಯಸ್ಥ. ಕೆಲಸವಿದೆ, ಆದರೂ ತಂದೆಯನ್ನು ಸಾಕುವಷ್ಟು ಒದಗದೆ ಪ್ಯಾರಿಷ್‌ನ ನೆರವು ಕೇಳಲು ಪಾದ್ರಿಯ ಬಳಿ ಬಂದಿದ್ದಾನೆ. ಇಂಗ್ಲೆಂಡಿನ 1601ರ ಬಡವರ ಕಾಯಿದೆ ತಂದೆತಾಯಿಗಳ ಪೋಷಣೆಯನ್ನು ಶಕ್ತರಾದ ಮಕ್ಕಳ ಹೊಣೆಯೆಂದು ವಿಧಿಸಿ, ಉಳಿದವರ ಭಾರವನ್ನು ಪ್ಯಾರಿಷ್‌ಗಳ ಮೇಲೆ ಹಾಕಿತ್ತು. ಭಾರತದಲ್ಲಿ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಬಗೆಗೆ ಪ್ರತ್ಯೇಕ ಕಾಯಿದೆ ಬಂದದ್ದು 2007ರಲ್ಲಿ. ಆಬ್ಡಿಯ ಮಗ ತಂದೆಯನ್ನು ತೊರೆದವನಲ್ಲ, ಸಾಲದಾದವನು. ಈ ವ್ಯತ್ಯಾಸವನ್ನು ಬೇಟ್ಸ್ ಗುರುತಿಸಿ ಹೇಳುತ್ತಾಳೆ.

ಬಾಕ್ಸ್ ಬೆಟ್ಟದ ವಿಹಾರದಲ್ಲಿ ಎಮ್ಮ ಅವಮಾನಿಸುವುದು ಇಂಥ ಬೇಟ್ಸಳನ್ನು. ಒಬ್ಬೊಬ್ಬರೂ ಒಂದು ಜಾಣ ಮಾತನ್ನೋ ಎರಡು ಸಾಧಾರಣ ಮಾತನ್ನೋ ಮೂರು ಮಂದ ಮಾತನ್ನೋ ಆಡಬೇಕೆಂಬ ಆಟ ಹೂಡಲಾಗಿದೆ. ತನಗೆ ಮೂರು ಮಂದ ಮಾತು ಸುಲಭವೆಂದು ಬೇಟ್ಸ್ ತನ್ನನ್ನೇ ಹಾಸ್ಯ ಮಾಡಿಕೊಳ್ಳುತ್ತಾಳೆ. ಒಂದೇ ಸಲಕ್ಕೆ ಮೂರೇ ಆಡಬೇಕಲ್ಲ, ಅದೇ ಕಷ್ಟ ಎಂದು ಎಮ್ಮ ಕುಟುಕುತ್ತಾಳೆ. ಅರ್ಥವಾಗಲು ಬೇಟ್ಸಳಿಗೆ ಕ್ಷಣ ಹಿಡಿಯುತ್ತದೆ. ಅರ್ಥವಾದ ಮೇಲೆ ಅವಳು ಸಿಟ್ಟಾಗದೆ ಕೆಂಪಾಗುತ್ತಾಳೆ, ತನ್ನಿಂದ ಬೇಸರವಾಗಿರಬೇಕೆಂದುಕೊಳ್ಳುತ್ತಾಳೆ. ನೈಟ್ಲಿ ಗಾಡಿಯ ಬಳಿ ಎಮ್ಮಳನ್ನು ಗದರುವ ಮಾತಿನ ತಿರುಳು ಬಡತನವೇ. ಆ ಹೆಂಗಸು ನಿನಗೆ ಸಮಾನಳಾಗಿದ್ದರೆ ಸಹಿಸಬಹುದಿತ್ತು. ಹುಟ್ಟಿದ ಸ್ಥಿತಿಯಿಂದ ಕುಸಿದಿದ್ದಾಳೆ, ಮುಪ್ಪಿಗೆ ಇನ್ನೂ ಕುಸಿಯಲಿದ್ದಾಳೆ ಎಂಬುದು ಅವನ ವಾದ. ಆದರೆ ಇನ್ನೊಂದು ಸಂಗತಿಯನ್ನು ಅವನೂ ಹೇಳುವುದಿಲ್ಲ. ಎಮ್ಮ ಮತ್ತು ಬೇಟ್ಸ್ ಒಂದೇ ಕೆಲಸ ಮಾಡುವವರು. ಇಬ್ಬರೂ ಮನೆಯಲ್ಲಿ ಒಬ್ಬ ವೃದ್ಧರನ್ನು ಕಾಯುತ್ತ ಮದುವೆಯಿಲ್ಲದೆ ಉಳಿದ ಹೆಣ್ಣುಮಕ್ಕಳು. ಬೇಟ್ಸಳ ಮುಖದಲ್ಲಿ ಎಮ್ಮ ಕಂಡು ಹೆದರಿದ್ದು ಮೂವತ್ತು ಸಾವಿರ ಪೌಂಡು ಕಳೆದ ತನ್ನನ್ನೇ ಎಂದು ಭಾವಿಸಲು ಅವಕಾಶವಿದೆ. ದಾರಿಯುದ್ದಕ್ಕೂ ಅವಳು ಅಳುತ್ತಾಳೆ. ಮರುದಿನ ಬೆಳಗ್ಗೆಯೇ ಬೇಟ್ಸಳ ಮನೆಯ ಮೆಟ್ಟಿಲೇರುತ್ತಾಳೆ. ಅದನ್ನು ತಿಳಿದ ನೈಟ್ಲಿ ಅವಳ ಕೈಹಿಡಿದು ತುಟಿಯವರೆಗೆ ಎತ್ತಿ, ಏನೋ ಹೊಳೆದು ಬಿಟ್ಟುಬಿಡುತ್ತಾನೆ.

ಒಗಟುಗಳ ಬಗೆಗೂ ಒಂದು ಮಾತು ಅಗತ್ಯ. ಹ್ಯಾರಿಯೆಟ್ ಒಗಟುಗಳನ್ನು ಸಂಗ್ರಹಿಸಿ ಅಂದದ ಪುಸ್ತಕದಲ್ಲಿ ಬರೆದಿಡುತ್ತಾಳೆ. ಪಾದ್ರಿ ಎಲ್ಟನ್ ಪ್ರಣಯಯಾಚನೆಯನ್ನೇ ಒಗಟಾಗಿಸಿ ಕೊಡುತ್ತಾನೆ. ಒಗಟು ಬಿಡಿಸಿದ ಎಮ್ಮಳಿಗೆ ಅದನ್ನು ಯಾರಿಗಾಗಿ ಒಡ್ಡಿದ್ದೆಂಬುದು ಮಾತ್ರ ತಿಳಿಯುವುದಿಲ್ಲ. ಮದುವೆಮನೆಯಲ್ಲಿ ಒಗಟಿನ ಮೂಲಕ ಗಂಡನ ಹೆಸರು ಹೇಳಿಸುವ ರೂಢಿಯನ್ನು ಬಲ್ಲ ಕನ್ನಡಿಗರಿಗೆ ಒಲವಿಗೂ ಒಗಟಿಗೂ ಇರುವ ನಂಟು ವಿವರಿಸಿ ಹೇಳಬೇಕಿಲ್ಲ. ವುಡ್‌ಹೌಸ್‌ಗೂ ಒಂದು ಒಗಟು ಬರುತ್ತದೆ, ಆದರೆ ಮೊದಲ ಚರಣವಷ್ಟೇ. ಉಳಿದದ್ದು ನೆನಪಿಲ್ಲ, ನಿಮ್ಮ ತಾಯಿಗಾದರೆ ಇಂಥವೆಲ್ಲ ಬರುತ್ತಿದ್ದವು ಎನ್ನುತ್ತಾನೆ. ಒಗಟಿನಲ್ಲಿರುವ ಹೆಣ್ಣಿನ ಹೆಸರಿನಿಂದ ಅವನಿಗೆ ಅಜ್ಜಿಯ ಹೆಸರಿಡಬೇಕೆಂದಿದ್ದ ಹಿರಿಮಗಳ ನೆನಪಾಗಿ ಮಾತು ಅತ್ತ ಹರಿಯುತ್ತದೆ. ಕ್ಷೇತ್ರಕಾರ್ಯದಲ್ಲಿ ವಯಸ್ಸಾದವರಿಂದ ಹಾಡು, ಒಗಟು ಬರೆದುಕೊಂಡ ಯಾರಿಗಾದರೂ ಈ ತುಂಡುನೆನಪು, ಅದರ ಹಿಂದೆಯೇ ಬರುವ ಸತ್ತವರ ಹೆಸರು, ಎರಡೂ ಪರಿಚಿತ.

ಈ ತಿಳುವಳಿಕೆ ಆಸ್ಟಿನ್‌ಗೆ ಬಂದದ್ದು ಮನೆಯಿಂದಲೇ ಇರಬೇಕು. 1809ರಿಂದ ಅವಳು ಚಾಟನ್ ಎಂಬ ಹಳ್ಳಿಯಲ್ಲಿ ತಾಯಿ, ಅಕ್ಕ ಕಸಾಂಡ್ರಾ ಮತ್ತು ಗೆಳತಿ ಮಾರ್ಥಾ ಲಾಯ್ಡ್‌ರೊಡನೆ ಇದ್ದಳು. 1815ರ ಅಕ್ಟೋಬರಿನಲ್ಲಿ 'ಎಮ್ಮ'ದ ಮುದ್ರಣಕ್ಕಾಗಿ ಲಂಡನ್ನಿನ ಅಣ್ಣ ಹೆನ್ರಿಯ ಮನೆಗೆ ಹೋದಾಗ ಅವನು ತೀವ್ರ ಕಾಯಿಲೆ ಬಿದ್ದ. ಶುಶ್ರೂಷೆ ಅವಳ ಪಾಲಿಗೆ ಬಂತು. ಹೆನ್ರಿಯನ್ನು ನೋಡುತ್ತಿದ್ದ ವೈದ್ಯರಲ್ಲೊಬ್ಬರ ಮೂಲಕ ಸುದ್ದಿ ಅರಮನೆಗೆ ಮುಟ್ಟಿ, ನವೆಂಬರ್ 13ರಂದು ಅವಳಿಗೆ ಕಾರ್ಲ್ಟನ್ ಹೌಸಿನ ಗ್ರಂಥಾಲಯ ನೋಡುವ ಆಹ್ವಾನ ದೊರೆತು, ಕಾದಂಬರಿ ರಾಜಪ್ರತಿನಿಧಿಗೆ ಅರ್ಪಿತವಾಯಿತು. ಅರ್ಪಣೆಯ ಪುಟದ ಹಿಂದೆ ಹೀಗೆ ಒಂದು ರೋಗಿಯ ಮಂಚವಿದೆ. ಎರಡು ವರ್ಷಗಳೊಳಗೆ ಅವಳೇ ಕಾಯಿಲೆ ಬಿದ್ದಾಗ ಮನೆಯ ಒಂದೇ ಸೋಫಾವನ್ನು ತಾಯಿಗೆ ಬಿಟ್ಟು ತಾನು ಮೂರು ಕುರ್ಚಿ ಜೋಡಿಸಿ ಮಲಗುತ್ತಿದ್ದಳೆಂದು ಅಣ್ಣನ ಮಗಳು ಕ್ಯಾರೊಲಿನ್ ನೆನಪಿಸಿಕೊಂಡಿದ್ದಾಳೆ. 1817ರ ಜುಲೈ 18ರಂದು ತೀರಿಕೊಂಡಾಗ ಪಕ್ಕದಲ್ಲಿದ್ದು ನೋಡಿಕೊಂಡವಳು ಕಸಾಂಡ್ರಾ. ತಾಯಿ ಇನ್ನೂ ಹತ್ತು ವರ್ಷ ಬದುಕಿದಳು.

ಕಥೆಯ ಕೊನೆಗೆ ಬರೋಣ. ನೈಟ್ಲಿಯ ಪ್ರೇಮಕ್ಕೆ ಒಪ್ಪಿದ ಇರುಳೇ ಎಮ್ಮ ನಿರ್ಧರಿಸುತ್ತಾಳೆ: ತಂದೆಯನ್ನು ಬಿಡಲಾಗದು. ಬಿಡುವ ಆಲೋಚನೆ ಬಂದದ್ದನ್ನೇ ಪಾಪವೆಂದು ಅಳುತ್ತಾಳೆ. ತಂದೆ ಇರುವವರೆಗೂ ಇದು ನಿಶ್ಚಿತಾರ್ಥವಾಗಿಯೇ ಉಳಿಯಲಿ ಎಂಬುದು ಅವಳ ತೀರ್ಮಾನ. ನೈಟ್ಲಿ ಮೊದಲು ಮುದುಕನನ್ನು ಡಾನ್ವೆಲ್ಲಿಗೆ ಕರೆತರುವ ಬಗ್ಗೆ ಯೋಚಿಸುತ್ತಾನೆ; ಬೇರುಬಿಟ್ಟ ಮರವನ್ನು ಕಿತ್ತು ನೆಡಬಾರದೆಂದು ಅವನಿಗೇ ತೋರುತ್ತದೆ. ಕೊನೆಗೆ ತಾನೇ ಹಾರ್ಟ್‌ಫೀಲ್ಡಿಗೆ ಬರುವುದಾಗಿ ಹೇಳುತ್ತಾನೆ. ವ್ಲಾದಿಮಿರ್ ಪ್ರಾಪ್ 1928ರ ತನ್ನ ಗ್ರಂಥದಲ್ಲಿ ತೋರಿಸಿದಂತೆ ಅದ್ಭುತ ಕಥೆಯ ಕಡೆಯ ಘಟಕ ಮದುವೆ ಮತ್ತು ಪಟ್ಟಾಭಿಷೇಕ. ಅಲ್ಲಿ ಎಲ್ಲಿಂದಲೋ ಬಂದ ಸಾಹಸಿ ರಾಜನ ಮಗಳೊಂದಿಗೆ ರಾಜ್ಯವನ್ನೂ ಪಡೆದು ಮಾವನ ಮನೆಯಲ್ಲೇ ನಿಲ್ಲುತ್ತಾನೆ. ಅವನನ್ನು ಮನೆಯಳಿಯನೆಂದು ಯಾರೂ ಹಂಗಿಸುವುದಿಲ್ಲ, ಏಕೆಂದರೆ ಅವನು ಏರಿದವನು. ನೈಟ್ಲಿ ಇಳಿಯುತ್ತಾನೆ. ಊರಿನ ದೊಡ್ಡ ಜಮೀನುದಾರ, ಸ್ವಂತ ಹಳೆಯ ಮನೆಯುಳ್ಳವನು, ಎದ್ದ ಹೊತ್ತು ಮಲಗುವ ಹೊತ್ತು ತನ್ನ ಕೈಯಲ್ಲಿದ್ದವನು, ತೆರೆದ ಕಿಟಕಿಯನ್ನು ಕಂಡು ನಡುಗುವ ಮಾವನ ಮನೆಗೆ ನಡೆದುಬರುತ್ತಾನೆ. ಅಂದಿನ ಓದುಗರಿಗೂ ಇದು ಸಲೀಸಾಗಿರಲಿಲ್ಲವೆಂಬುದಕ್ಕೆ ಶ್ರೀಮತಿ ಎಲ್ಟನ್ ಸಾಕ್ಷಿ. ಒಟ್ಟಿಗೆ ಬಾಳುವುದೇ, ಛೆ, ತನಗೆ ತಿಳಿದ ಒಂದು ಕುಟುಂಬ ಹಾಗೆ ಪ್ರಯತ್ನಿಸಿ ಮೂರು ತಿಂಗಳೊಳಗೆ ಬೇರೆಯಾಯಿತು ಎಂದು ಅವಳು ಸಾರುತ್ತಾಳೆ.

ಇನ್ನು ಮುದುಕನ ಒಪ್ಪಿಗೆ. ಅವನ ಪ್ರಶ್ನೆ ಸರಳ: ನೈಟ್ಲಿ ಈಗಲೂ ದಿನಾ ಬರುತ್ತಾನಲ್ಲ, ಇದ್ದಂತೆಯೇ ಇರಬಾರದೇಕೆ? ವಾದದಿಂದ ಅವನನ್ನು ಗೆಲ್ಲಲು ಯಾರಿಗೂ ಆಗುವುದಿಲ್ಲ. ಆ ಹೊತ್ತಿಗೆ ಒಂದು ರಾತ್ರಿ ಶ್ರೀಮತಿ ವೆಸ್ಟನಳ ಟರ್ಕಿ ಕೋಳಿಗಳನ್ನೆಲ್ಲ ಕಳ್ಳರು ಹೊತ್ತೊಯ್ಯುತ್ತಾರೆ. ನೆರೆಯ ಕೋಳಿಗೂಡುಗಳಿಗೂ ಅದೇ ಗತಿ. ಕೋಳಿ ಕದ್ದವರು ನಾಳೆ ಮನೆ ಒಡೆಯುವವರೇ ಎಂದು ವುಡ್‌ಹೌಸ್ ಕಂಗಾಲಾಗುತ್ತಾನೆ. ಹಿರಿಯ ಅಳಿಯ ಜಾನ್ ನವೆಂಬರಿನ ಮೊದಲ ವಾರ ಮುಗಿಯುವಷ್ಟರಲ್ಲಿ ಲಂಡನ್ನಿಗೆ ಹಿಂತಿರುಗಬೇಕು. ಮನೆಯಲ್ಲಿ ಗಟ್ಟಿಯಾದ ಗಂಡಸೊಬ್ಬ ಬೇಕು. ಮಗಳ ಸುಖಕ್ಕಾಗಿ ಒಪ್ಪದ ಮದುವೆಯನ್ನು ತನ್ನ ಕಾವಲಿಗಾಗಿ ಅವನು ತಾನಾಗಿಯೇ, ನಗುಮುಖದಿಂದ ಒಪ್ಪುತ್ತಾನೆ. ಮಹಾಸಾಹಸ ಬೇಕಾದಲ್ಲಿ ಕೋಳಿಕಳ್ಳರಿಂದ ಕೆಲಸ ಸಾಧಿಸುವ ಈ ತಂತ್ರ ಜನಪದ ಹಾಸ್ಯಕಥೆಯದೇ. ಮದುವೆ ಅಕ್ಟೋಬರಿನಲ್ಲಿ ನಡೆಯುತ್ತದೆ. ಇಸಬೆಲ್ಲಾ ಮತ್ತು ಜಾನ್ ಹಾರ್ಟ್‌ಫೀಲ್ಡಿನಲ್ಲಿ ಇರುವಷ್ಟರೊಳಗೆ, ತಂದೆಯ ಬಳಿ ಅವರನ್ನು ಬಿಟ್ಟು, ಹದಿನೈದು ದಿನ ಹೊರಗೆ ಹೋಗಿಬರುವ ಯೋಜನೆಯೂ ಆಗಿರುತ್ತದೆ. ಹೋಗುವುದು ಕಡಲತೀರಕ್ಕೆ.

ಈ ಕಾದಂಬರಿಯ ಬಗೆಗೆ ಬಂಧುಗಳೂ ನೆರೆಯವರೂ ಆಡಿದ ಮಾತುಗಳನ್ನು ಆಸ್ಟಿನ್ ಒಂದು ಹಾಳೆಗೆ ಇಳಿಸಿಕೊಂಡಿದ್ದಳು. ಒಂದು ಬಗೆಯ ಕ್ಷೇತ್ರಕಾರ್ಯವೇ ಅದು. ಬರೆದವಳ ಪರಿಚಯವಿಲ್ಲದಿದ್ದರೆ ಮುಗಿಸುತ್ತಿರಲಿಲ್ಲವೆಂದ ನೆರೆಯ ಹೆಂಗಸಿನ ಮಾತನ್ನೂ ಅವಳು ಬಿಟ್ಟಿಲ್ಲ. 1995ರ 'ಕ್ಲೂಲೆಸ್' ಎಂಬ ಅಮೆರಿಕನ್ ಚಲನಚಿತ್ರ ಈ ಕಥೆಯನ್ನು ಲಾಸ್ ಏಂಜಲೀಸಿನ ಶಾಲಾ ಹುಡುಗಿಯ ಕಥೆಯಾಗಿ ಬದಲಿಸಿದಾಗಲೂ, ವಕೀಲ ತಂದೆಯ ಆಹಾರದ ಮೇಲೆ ಕಣ್ಣಿಡುವ ಮಗಳನ್ನು ಉಳಿಸಿಕೊಂಡಿತು. ಕೃತಿಯ ಸುತ್ತ ಮನೆಯೊಳಗೇ ಹಬ್ಬಿದ ಒಂದು ಮೌಖಿಕ ಪರಂಪರೆಯೂ ಇದೆ. ಪಾತ್ರಗಳು ಮುಂದೆ ಏನಾದರೆಂದು ಅಣ್ಣನ ಮಕ್ಕಳು ಕೇಳುತ್ತಿದ್ದರು, ಆಸ್ಟಿನ್ ಹೇಳುತ್ತಿದ್ದಳು. ಅದನ್ನು ಜೇಮ್ಸ್ ಎಡ್ವರ್ಡ್ ಆಸ್ಟಿನ್-ಲೀ ಅವಳ ಕುರಿತ ತನ್ನ ನೆನಪಿನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಅಕ್ಷರಗಳ ಆಟದಲ್ಲಿ ಫ್ರಾಂಕ್ ಜೋಡಿಸಿಟ್ಟು, ಜೇನ್ ಫೇರ್‌ಫ್ಯಾಕ್ಸ್ ಓದದೆ ಚದುರಿಸಿದ ಕೊನೆಯ ಪದ 'ಕ್ಷಮೆ' ಎಂಬುದಾಗಿತ್ತಂತೆ. ವುಡ್‌ಹೌಸ್ ಮಗಳ ಮದುವೆಯ ನಂತರ ಸುಮಾರು ಎರಡು ವರ್ಷ ಬದುಕಿದ್ದನಂತೆ. ಅಷ್ಟು ಕಾಲವೂ ಅವಳೂ ಅವಳ ಗಂಡನೂ ಡಾನ್ವೆಲ್ಲಿಗೆ ಹೋಗದೆ ಹಾರ್ಟ್‌ಫೀಲ್ಡಿನಲ್ಲೇ ಇದ್ದರಂತೆ.